ಓದುಗರ ಪ್ರಶ್ನೆ: ಸಣ್ಣ ಬ್ರ್ಯಾಂಡ್‌ಗಳ ಜೊತೆ ವಿನ್ಯಾಸದ ದುಡಿಮೆ

ರೈತ ಕಂಪನಿ, ನೇಕಾರರ ಸಂಘ, ಮಹಿಳಾ ಸ್ವಸಹಾಯ ಗುಂಪು, ಮನೆಯಲ್ಲೇ ಕುಟ್ಟಿ ಬೀಸಿ ಮಾರುವ ಕುಟುಂಬ. ಇಂಥವರ ಉತ್ಪನ್ನಗಳಿಗೆ ಲೇಬಲ್ಲು, ಬರಹ, ಫೋಟೊ ಮಾಡಿಕೊಟ್ಟು ಬದುಕು ಕಟ್ಟಿಕೊಳ್ಳಲು ಹೊರಟ ಓದುಗರ ಪತ್ರಗಳು ಈ ಸಲ ಹೆಚ್ಚು ಬಂದಿವೆ. ಏಳನ್ನು ಆರಿಸಿಕೊಂಡಿದ್ದೇವೆ.

ಬಿ.ಎಫ್.ಎ. ಮುಗಿಸಿದ್ದೇನೆ. ಜಾಹೀರಾತು ಕಂಪನಿಗೆ ಸೇರುವ ಮನಸ್ಸಿಲ್ಲ. ಒಳ್ಳೆಯ ಉದ್ದೇಶವಿರುವ ಸಣ್ಣ ಬ್ರ್ಯಾಂಡ್‌ಗಳಿಗೆ ಕೆಲಸ ಮಾಡಬೇಕೆಂದಿದೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಧಾರವಾಡ

ಒಂದು ವಸ್ತುವಿನಿಂದ ಶುರು ಮಾಡಿ. ಸಿರಿಧಾನ್ಯವೋ, ಕೈಮಗ್ಗದ ಬಟ್ಟೆಯೋ, ಗಾಣದ ಎಣ್ಣೆಯೋ, ಯಾವುದಾದರೊಂದು. ಮೊದಲ ವರ್ಷ ಆ ಕ್ಷೇತ್ರದ ಮೂರು ನಾಲ್ಕು ಕೆಲಸಗಳನ್ನೇ ಹಿಡಿದರೆ ಅದರ ಕಾನೂನು, ಪ್ಯಾಕಿಂಗ್, ಅಂಗಡಿಯವರ ಗುಣ ಎಲ್ಲ ಕೈಗೆ ಹತ್ತುತ್ತವೆ. ಇವತ್ತು ಸಾಬೂನು, ನಾಳೆ ಸೀರೆ, ನಾಡಿದ್ದು ಜೇನು ಎಂದು ಹಾರಿದರೆ ಪ್ರತಿ ಸಲವೂ ಹೊಸಬರಾಗಿಯೇ ಉಳಿಯುತ್ತೀರಿ.

ಕೆಲಸ ಹುಡುಕಲು ಬೆಂಗಳೂರೇ ಬೇಕೆಂದಿಲ್ಲ. ನಿಮ್ಮ ತಾಲ್ಲೂಕಿನ ರೈತ ಉತ್ಪಾದಕ ಕಂಪನಿಯ ಕಚೇರಿಗೆ ಹೋಗಿ. ತಾಲ್ಲೂಕು ಪಂಚಾಯಿತಿಯಲ್ಲಿ ಗ್ರಾಮೀಣ ಜೀವನೋಪಾಯದ ಸಂಜೀವಿನಿ ಯೋಜನೆಯ ಸಿಬ್ಬಂದಿಯನ್ನು ಕೇಳಿದರೆ ಯಾವ ಮಹಿಳಾ ಗುಂಪು ಏನು ಮಾಡುತ್ತಿದೆ ಎಂದು ಹೇಳುತ್ತಾರೆ. ಸ್ವಸಹಾಯ ಗುಂಪುಗಳ ಉತ್ಪನ್ನ ಮಾರುವ ಸರಸ್ ಮೇಳದ ಮಳಿಗೆಗಳಲ್ಲಿ ಅರ್ಧ ದಿನ ನಿಂತು, ಗಿರಾಕಿ ಯಾವ ಪೊಟ್ಟಣ ಎತ್ತಿ ನೋಡುತ್ತಾರೆ, ಯಾವುದನ್ನು ಓದಿ ವಾಪಸ್ ಇಡುತ್ತಾರೆ ಎಂದು ಗಮನಿಸಿ. ಅಲ್ಲಿ ಕಲಿಯುವುದನ್ನು ಕಂಪ್ಯೂಟರ್ ಮುಂದೆ ಕೂತು ಕಲಿಯಲಾಗದು.

ಮೊದಲ ಭೇಟಿಯಲ್ಲಿ ಲೋಗೊ ಮಾತು ಎತ್ತಬೇಡಿ. ತಿಂಗಳಿಗೆ ಎಷ್ಟು ತಯಾರಿಸಬಲ್ಲಿರಿ? ಒಮ್ಮೆ ಕೊಂಡವರು ಮತ್ತೆ ಕೊಳ್ಳುತ್ತಿದ್ದಾರೆಯೇ? ಒಂದು ಪೊಟ್ಟಣದಲ್ಲಿ ಉಳಿಯುವುದೆಷ್ಟು? ಪ್ಯಾಕ್ ಮಾಡುವವರು ಯಾರು, ಅವರಿಗೆ ದಿನಕ್ಕೆ ಎಷ್ಟು ಕೂಲಿ? ಈ ನಾಲ್ಕು ಪ್ರಶ್ನೆ ಕೇಳಿ. ಕೊನೆಯದು ಮುಜುಗರದ ಪ್ರಶ್ನೆ, ಆದರೂ ಕೇಳಲೇಬೇಕು. ಬ್ರ್ಯಾಂಡಿನ ಉದ್ದೇಶ ಎಷ್ಟು ನಿಜ ಎಂಬುದು ಕರಪತ್ರಕ್ಕಿಂತ ಕೂಲಿಯ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಿಂಗಳಿಗೆ ಇಪ್ಪತ್ತು ಕಿಲೊ ಮಾತ್ರ ಮಾಡಬಲ್ಲ ಗುಂಪಿಗೆ ದೊಡ್ಡ ಪ್ರಚಾರ ಮಾಡಿಸಿದರೆ ಬಂದ ಬೇಡಿಕೆ ಪೂರೈಸಲಾಗದೆ ಅವರ ಹೆಸರೇ ಕೆಡುತ್ತದೆ.

ಮೊದಲ ವರ್ಷ ಇದರಿಂದಲೇ ಮನೆ ನಡೆಯುವುದು ಕಷ್ಟ. ಮದುವೆ ಕಾರ್ಡು, ಶಾಲೆಯ ಕೈಪಿಡಿ, ಸಹಕಾರ ಬ್ಯಾಂಕಿನ ಕ್ಯಾಲೆಂಡರ್ ಕೆಲಸವನ್ನೂ ಇಟ್ಟುಕೊಳ್ಳಿ. ಅದು ಕೀಳು ಕೆಲಸವಲ್ಲ. ಪ್ರೆಸ್ಸಿನವರ ಜೊತೆ ಸಲಿಗೆ ಬೆಳೆಯುವುದು ಅದರಿಂದಲೇ.

ನಮ್ಮ ರೈತ ಕಂಪನಿಯ ನವಣೆ ಹಿಟ್ಟು, ರಾಗಿ ಹುರಿಹಿಟ್ಟಿಗೆ ಕಂದು ಕ್ರಾಫ್ಟ್ ಪೌಚ್ ಮೇಲೆ ಚೆಂದದ ಲೇಬಲ್ ಮಾಡಿದೆ. ಸೂಪರ್ ಮಾರ್ಕೆಟ್ಟಿನವರು ವಾಪಸ್ ಕಳಿಸಿದರು. ಲೇಬಲ್ಲಿನ ಪ್ರತಿ ಲಗತ್ತಿಸಿದ್ದೇನೆ. ತಪ್ಪೇನು?
— ವಿನ್ಯಾಸಕಿ, ಹಾವೇರಿ

ನಿಮ್ಮ ಲೇಬಲ್ಲಿನ ಚಿತ್ರ, ಬಣ್ಣ ಎರಡೂ ಚೆನ್ನಾಗಿವೆ. ವಾಪಸ್ ಬಂದ ಕಾರಣಗಳು ಬೇರೆ.

ಮೊದಲನೆಯದು ಬಾರ್‌ಕೋಡ್. ಕಂದು ಹಿನ್ನೆಲೆಯ ಮೇಲೆ ಕೆಂಪು ಗೆರೆಗಳಲ್ಲಿ ಹಾಕಿದ್ದೀರಿ. ಅಂಗಡಿಯ ಸ್ಕ್ಯಾನರ್ ಸಾಮಾನ್ಯವಾಗಿ ಕೆಂಪು ಬೆಳಕಿನಿಂದ ಓದುತ್ತದೆ, ಕೆಂಪು ಗೆರೆ ಅದಕ್ಕೆ ಬಿಳಿಯಂತೆಯೇ ಕಾಣುತ್ತದೆ. ಬಿಳಿಯ ಮೇಲೆ ಕಪ್ಪು ಗೆರೆ, ಅಷ್ಟೇ ಇರಲಿ. ಹದಿಮೂರು ಅಂಕಿಯ ಬಾರ್‌ಕೋಡಿನ ಪೂರ್ಣ ಅಳತೆ 37.29 ಮಿ.ಮೀ. ಅಗಲ, 25.93 ಮಿ.ಮೀ. ಎತ್ತರ. ಜಾಗ ಕಮ್ಮಿ ಇದ್ದರೆ ಶೇ. 80ರವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಎರಡೂ ಬದಿಯ ಖಾಲಿ ಬಿಳಿ ಜಾಗವೂ ಬಾರ್‌ಕೋಡಿನ ಭಾಗವೇ, ಅದರೊಳಗೆ ಅಲಂಕಾರದ ಬಳ್ಳಿ ನುಗ್ಗಿಸಬಾರದು.

ಎರಡನೆಯದು ಭಾಷೆ. ಪೂರ್ತಿ ಕನ್ನಡದಲ್ಲಿ ಬರೆದಿದ್ದೀರಿ, ಓದಿ ಸಂತೋಷವಾಯಿತು. ಆದರೆ ಆಹಾರ ಸುರಕ್ಷತೆಯ ಲೇಬಲ್ ನಿಯಮ ಮತ್ತು ತೂಕ-ಅಳತೆ ಇಲಾಖೆಯ 2011ರ ಪೊಟ್ಟಣ ನಿಯಮ ಎರಡರ ಪ್ರಕಾರವೂ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಲೇಬೇಕು. ಅದರ ಜೊತೆಗೆ ಬೇರೆ ಭಾಷೆ ಸೇರಿಸಬಹುದು. ಇನ್ನೊಂದೆಡೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಶಯ ನಮ್ಮ ರಾಜ್ಯದಲ್ಲಿ ತಯಾರಾದ ವಸ್ತುವಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು. ಹಾಗಾಗಿ ಮುಂಭಾಗದಲ್ಲಿ ಹೆಸರು ಕನ್ನಡದಲ್ಲಿ ದೊಡ್ಡದಾಗಿ, ಇಂಗ್ಲಿಷಿನಲ್ಲಿ ಕೆಳಗೆ. ಬೇಯಿಸುವ ವಿಧಾನ ಕನ್ನಡದಲ್ಲಿ ಮೊದಲು. ಹಿಂಭಾಗದ ಕಡ್ಡಾಯ ವಿವರ ಎರಡರಲ್ಲೂ. ಜಾಗ ಸಾಲದೆಂದು ಕನ್ನಡವನ್ನು ಕೈಬಿಡಬೇಡಿ, ಚಿತ್ರವನ್ನು ಚಿಕ್ಕದು ಮಾಡಿ.

ಮೂರನೆಯದು ಬಿಟ್ಟುಹೋದ ವಿವರಗಳು. ಗರಿಷ್ಠ ಮಾರಾಟ ಬೆಲೆ ಇದೆ, ಗ್ರಾಂ ಲೆಕ್ಕದ ಬೆಲೆ ಇಲ್ಲ. ಒಂದು ಕಿಲೊಗಿಂತ ಕಡಿಮೆಯ ಪೊಟ್ಟಣಕ್ಕೆ ಪ್ರತಿ ಗ್ರಾಂಗೆ ಎಷ್ಟೆಂದು ತೋರಿಸಬೇಕು: 500 ಗ್ರಾಂಗೆ 95 ರೂಪಾಯಿ ಎಂದರೆ ಗ್ರಾಂಗೆ 0.19 ರೂಪಾಯಿ. ಗ್ರಾಹಕರು ದೂರು ಹೇಳಲು ಫೋನ್ ನಂಬರು, ಇಮೇಲ್ ಇಲ್ಲ. 'ಇಂತಿಷ್ಟು ತಿಂಗಳೊಳಗೆ ಬಳಸಿದರೆ ಉತ್ತಮ' ಎಂದಷ್ಟೇ ಇದೆ, ಬಳಸಬೇಕಾದ ಕೊನೆಯ ದಿನಾಂಕವೇ ಬೇಕು. ಆಹಾರ ಪರವಾನಗಿಯ ಸಂಖ್ಯೆಯಲ್ಲಿ 14 ಅಂಕಿ ಇರಬೇಕು, ನಿಮ್ಮದರಲ್ಲಿ 13 ಇವೆ. ಟೈಪ್ ಮಾಡುವಾಗ ಒಂದು ಬಿಟ್ಟುಹೋಗಿದೆ. ಇಂಥ ಸಂಖ್ಯೆಗಳನ್ನು ಎಂದೂ ಟೈಪ್ ಮಾಡಬೇಡಿ, ಪ್ರಮಾಣಪತ್ರದ ಕಡತದಿಂದಲೇ ನಕಲು ತೆಗೆದು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರ. 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂದು ಬರೆದಿದ್ದೀರಿ. ಆಹಾರದ ಪೊಟ್ಟಣದ ಮೇಲೆ ರೋಗ ಗುಣಪಡಿಸುವ ಮಾತು ಬರಬಾರದು. ಮಧುಮೇಹ ವಾಸಿಯಾಗುತ್ತದೆ ಎಂಬ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಕೈಗೂ ಸಿಗುತ್ತದೆ. ಕಾನೂನನ್ನು ಬದಿಗಿಟ್ಟರೂ, ಈ ಸಾಲು ನಂಬಿ ಯಾರೋ ಮಾತ್ರೆ ಬಿಟ್ಟರೆ ಅದರ ಹೊಣೆ ಬರೆದವರದೇ. 'ಗ್ಲುಟನ್ ರಹಿತ' ಎಂಬುದನ್ನೂ ಅಳಿಸಿ. ನವಣೆಯಲ್ಲಿ ಗ್ಲುಟನ್ (ಗೋಧಿಯಲ್ಲಿರುವ ಪ್ರೋಟೀನು) ಇಲ್ಲ ನಿಜ, ಆದರೆ ಅದೇ ಗಿರಣಿಯಲ್ಲಿ ಬೆಳಿಗ್ಗೆ ಗೋಧಿ ಬೀಸಿದ್ದರೆ ಕಲ್ಲಿನಲ್ಲಿ ಉಳಿದ ಹಿಟ್ಟು ಇದಕ್ಕೂ ಸೇರುತ್ತದೆ. ಕಿಲೊಗೆ 20 ಮಿಲಿಗ್ರಾಂಗಿಂತ ಹೆಚ್ಚಿರಬಾರದೆಂಬುದು ಮಿತಿ. ಪ್ರಯೋಗಾಲಯದ ವರದಿ ಇಲ್ಲದೆ ಹೇಳಲಾಗದು. 'ಸಾವಯವ' ಎನ್ನಲು ಸರ್ಕಾರ ಒಪ್ಪುವ ಸಾವಯವ ಪ್ರಮಾಣೀಕರಣಗಳಾದ ಪಿಜಿಎಸ್-ಇಂಡಿಯಾ ಅಥವಾ ಎನ್‌ಪಿಒಪಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಇಷ್ಟೆಲ್ಲ ಅಳಿಸಿದ ಮೇಲೆ ಏನು ಉಳಿಯಿತು ಎನ್ನಬಹುದು. ಯಾವ ಊರಿನ ಹೊಲದ್ದು, ಯಾವ ತಿಂಗಳು ಬೀಸಿದ್ದು, ಒಂದು ಲೋಟ ನವಣೆ ಹಿಟ್ಟಿಗೆ ರೊಟ್ಟಿ ತಟ್ಟಲು ಎಷ್ಟು ಬಿಸಿ ನೀರು. ಗಿರಾಕಿಗೆ ನಿಜಕ್ಕೂ ಬೇಕಾದ್ದು ಇದು.

ಕ್ರಾಫ್ಟ್ ಪೌಚಿನ ಬಗ್ಗೆ ಒಂದು ಮಾತು. ಕಂದು ಕಾಗದದ ಮೇಲೆ ನೇರ ಮುದ್ರಿಸಿದರೆ ಹಳದಿ ಕೊಳಕಾಗಿ, ಹಸಿರು ಕಪ್ಪಾಗಿ ಕಾಣುತ್ತದೆ. ಕೆಳಗೆ ಬಿಳಿ ಶಾಯಿಯ ಪದರ ಬೇಕು, ಅದು ಎಲ್ಲ ಪ್ರೆಸ್ಸಿನಲ್ಲೂ ಇಲ್ಲ. ತಿಂಗಳಿಗೆ ಐನೂರು ಪೊಟ್ಟಣದ ಕಂಪನಿ ಸಾದಾ ಪೌಚ್ ಕೊಂಡು ಸ್ಟಿಕ್ಕರ್ ಲೇಬಲ್ ಅಂಟಿಸುವುದೇ ಸರಿ. ಪೌಚಿನ ಮೇಲೇ ಗ್ರೇವ್ಯೂರ್ ಮುದ್ರಣ ಮಾಡಿಸಲು ಬಣ್ಣಕ್ಕೊಂದು ಸಿಲಿಂಡರ್ ಕೊರೆಸಬೇಕು, ಕನಿಷ್ಠ ಆರ್ಡರು ಕಿಲೊ ಲೆಕ್ಕದಲ್ಲಿ ದೊಡ್ಡದಿರುತ್ತದೆ, ಬೆಲೆ ಬದಲಾದರೆ ಉಳಿದದ್ದೆಲ್ಲ ರದ್ದಿ. ಅಚ್ಚಾದ ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಿ ಮಾರುವಂತಿಲ್ಲ. ಆದ್ದರಿಂದ ಬೆಲೆ, ಬ್ಯಾಚ್, ದಿನಾಂಕಕ್ಕೆ ಸುಮಾರು 35 ಮಿ.ಮೀ. × 20 ಮಿ.ಮೀ. ಖಾಲಿ ಬಿಳಿ ಜಾಗ ಬಿಟ್ಟು, ಆ ಭಾಗಕ್ಕೆ ವಾರ್ನಿಷ್ ಅಥವಾ ಲ್ಯಾಮಿನೇಶನ್ ಬೇಡವೆಂದು ಪ್ರೆಸ್ಸಿಗೆ ಬರೆದುಕೊಡಿ. ನುಣುಪು ಮೈಮೇಲೆ ಹೊಡೆದ ಸೀಲು ಬೆರಳು ತಾಗಿದರೆ ಅಳಿಸುತ್ತದೆ.

ಪರದೆಯ ಮೇಲೆ ಸರಿಯಿದ್ದ ಕನ್ನಡ ಮುದ್ರಣವಾಗಿ ಬಂದಾಗ ಒತ್ತಕ್ಷರ ಕಿತ್ತುಹೋಗಿತ್ತು. ಎರಡು ಸಾವಿರ ಲೇಬಲ್ ಹಾಳಾಯಿತು. ಯಾಕೆ ಹೀಗೆ?
— ಓದುಗರು, ಮೈಸೂರು

ನಿಮ್ಮ ಅಕ್ಷರ ಯುನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಸಂಕೇತ), ಪ್ರೆಸ್ಸಿನವರ ಹಳೆಯ ತಂತ್ರಾಂಶಕ್ಕೆ ಗೊತ್ತಿರುವುದು ಹಳೆಯ ನುಡಿ ಅಥವಾ ಶ್ರೀಲಿಪಿ ಮಾದರಿಯ ಅಕ್ಷರ. ಕಡತ ತೆರೆದ ಕೂಡಲೇ ಅದು ತನಗೆ ತಿಳಿದಂತೆ ಜೋಡಿಸುತ್ತದೆ. ವಿನ್ಯಾಸದ ತಂತ್ರಾಂಶ ಇಲಸ್ಟ್ರೇಟರಿನಲ್ಲಿ ಟೈಪ್ ಆದ್ಯತೆಗಳಲ್ಲಿ ಇಂಡಿಕ್ ಆಯ್ಕೆ ತೆರೆದು, ಪ್ಯಾರಾಗ್ರಾಫ್ ಫಲಕದಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿ. ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಕೊನೆಯ ಒಪ್ಪಿಗೆ ಸಿಕ್ಕ ಮೇಲೆ ಅಕ್ಷರಗಳನ್ನೆಲ್ಲ ಗೆರೆಯ ಆಕಾರಗಳಾಗಿ ಬದಲಿಸಿ, ಅಂದರೆ ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ, ತಿದ್ದಬಹುದಾದ ಮೂಲ ನಿಮ್ಮಲ್ಲೇ ಇರಲಿ. ಔಟ್‌ಲೈನ್ ಆದ ಮೇಲೆ ಒಂದು ಸಲ ಅರ್ಕಾವತ್ತು ಇರುವ ಪದಗಳನ್ನಷ್ಟೇ ಹುಡುಕಿ ಓದಿ. 'ರ‍್ಯಾಕ್' ಎಂಬಂಥ ಪದದಲ್ಲಿ ರಕಾರ ಉಳಿಯಲು ಕಣ್ಣಿಗೆ ಕಾಣದ ಜೋಡಕವೊಂದು ನಡುವೆ ಇರುತ್ತದೆ, ಅದು ಬಿದ್ದುಹೋದರೆ 'ರ್ಯಾಕ್' ಆಗುತ್ತದೆ.

ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟು ಇರಲಿ. ಇಂಗ್ಲಿಷಿನ ಅಂತರವನ್ನೇ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನೋಟೊ, ಅನೇಕ್, ಬಲೂ ತಮ್ಮ, ಟಿರೊ ಕನ್ನಡ ಇವೆಲ್ಲ ಮುಕ್ತ ಪರವಾನಗಿಯ ಅಕ್ಷರಗಳು, ಸಣ್ಣ ಬ್ರ್ಯಾಂಡಿಗೆ ಖರ್ಚಿಲ್ಲ. ಚಿಕ್ಕ ಅಕ್ಷರಗಳನ್ನು ಕಪ್ಪು ಶಾಯಿ ಒಂದರಲ್ಲೇ ಇಡಿ. ನಾಲ್ಕು ಬಣ್ಣ ಬೆರೆಸಿದ ಕಪ್ಪು ಕೂದಲೆಳೆಯಷ್ಟು ಸರಿದರೂ 'ಘ' ಯಾವುದು 'ಫ' ಯಾವುದು ತಿಳಿಯದು. ಅಂಚಿನಾಚೆ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಬಣ್ಣದ ಅಂಚು, ಬಿಡಿ. ಎರಡು ಸಾವಿರಕ್ಕೆ ಮೊದಲು ಎರಡೇ ಎರಡು ಪ್ರತಿ ಡಿಜಿಟಲ್ ಮುದ್ರಣ ತೆಗೆಸಿ, ಪೌಚಿಗೆ ಅಂಟಿಸಿ, ಒಳಗೆ ಹಿಟ್ಟು ತುಂಬಿಸಿ ನೋಡಿ. ತುಂಬಿದ ಪೌಚಿನ ಹೊಟ್ಟೆ ಉಬ್ಬುತ್ತದೆ, ಅಂಚಿನ ಸಾಲು ಹಿಂದಕ್ಕೆ ತಿರುಗಿಬಿಡುತ್ತದೆ.

ಸಂಘದವರು ಬಡವರು, ಸೇವೆಯೆಂದು ಮಾಡಿಕೊಡಿ ಅನ್ನುತ್ತಾರೆ. ದುಡ್ಡು ಕೇಳಲು ಮನಸ್ಸು ಬಾರದು, ಕೇಳದಿದ್ದರೆ ಬಾಡಿಗೆ ಕಟ್ಟಲಾಗದು. ಎಷ್ಟು ಕೇಳಲಿ?
— ವಿನ್ಯಾಸಕ, ಶಿವಮೊಗ್ಗ

ಪುಕ್ಕಟೆ ಮಾಡಿದ ಕೆಲಸಕ್ಕೆ ಅವರು ತಿದ್ದುಪಡಿ ಕೇಳಲು ಹಿಂಜರಿಯುತ್ತಾರೆ, ನೀವು ಮುಂದಕ್ಕೆ ತಳ್ಳುತ್ತೀರಿ. ಎರಡೂ ಕಡೆ ಮುಲಾಜು. ಕೊನೆಗೆ ಕೆಟ್ಟ ಲೇಬಲ್ಲೇ ಅಚ್ಚಾಗುತ್ತದೆ. ದುಡ್ಡು ತೆಗೆದುಕೊಳ್ಳಿ.

ಲೆಕ್ಕ ಹೀಗೆ ಹಾಕಬಹುದು. ಮನೆ ಖರ್ಚು 30,000, ಇಂಟರ್ನೆಟ್ಟು, ತಂತ್ರಾಂಶ, ಕರೆಂಟು, ಕಂಪ್ಯೂಟರಿನ ಸವಕಳಿ 7,000, ವಿಮೆ ಮತ್ತು ಉಳಿತಾಯ 8,000, ಒಟ್ಟು ತಿಂಗಳಿಗೆ 45,000 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಲ್ಲಿ ಇನ್ನೂರು ಗಂಟೆ ಕೂತರೂ ಓಡಾಟ, ಫೋನು, ಪ್ರೆಸ್ಸಿನಲ್ಲಿ ಕಾಯುವುದು ಕಳೆದು ಬಿಲ್ಲು ಮಾಡಬಹುದಾದದ್ದು ನೂರು ಗಂಟೆ. ಗಂಟೆಗೆ 450 ರೂಪಾಯಿ ಆಯಿತು. ನಾಲ್ಕು ಹಿಟ್ಟಿನ ಲೇಬಲ್ಲಿಗೆ ಊರಿಗೆ ಹೋಗಿ ನೋಡಲು 8 ಗಂಟೆ, ನಿಯಮ ಮತ್ತು ಮಾರುಕಟ್ಟೆ ಪರಿಶೀಲನೆಗೆ 6, ಮೊದಲ ಲೇಬಲ್ಲಿಗೆ 20, ಉಳಿದ ಮೂರಕ್ಕೆ 15, ತಿದ್ದುಪಡಿಗೆ 10, ಪ್ರೆಸ್ಸಿಗೆ 6. ಒಟ್ಟು 65 ಗಂಟೆ, 29,250 ರೂಪಾಯಿ.

ಈಗ ಅವರ ಕಡೆಯಿಂದ ನೋಡಿ. 95 ರೂಪಾಯಿಯ ಪೊಟ್ಟಣದಲ್ಲಿ ಅಂಗಡಿಗೆ ಶೇ. 25 ಹೋದರೆ ಕೈಗೆ ಬರುವುದು 71. ಧಾನ್ಯ, ಬೀಸುವುದು, ಪ್ಯಾಕಿಂಗ್, ಸಾಗಣೆ 55 ಎಂದರೆ, ತೆರಿಗೆ ಬದಿಗಿಟ್ಟು, ಉಳಿಯುವುದು 16. ತಿಂಗಳಿಗೆ ಐನೂರು ಪೊಟ್ಟಣಕ್ಕೆ 8,000. ನಿಮ್ಮ ಶುಲ್ಕ ಅವರ ಮೂರೂವರೆ ತಿಂಗಳ ಉಳಿಕೆಗಿಂತ ತುಸು ಹೆಚ್ಚು. ಇದು ಅವರು ತಾಳುವ ಹೊರೆ. ಶುಲ್ಕ ಆರು ತಿಂಗಳ ಉಳಿಕೆಯನ್ನು ಮೀರಿದರೆ ಕೆಲಸ ಚಿಕ್ಕದು ಮಾಡಿ: ಒಂದೇ ಮಾದರಿ ಲೇಬಲ್, ಬಣ್ಣ ಮತ್ತು ಹೆಸರು ಬದಲಿಸಿದರೆ ಎಲ್ಲ ಹಿಟ್ಟಿಗೂ ಸಾಲುವಂತೆ. ಗಂಟೆಯ ದರ ಇಳಿಸಬೇಡಿ. ಒಮ್ಮೆ ಇಳಿಸಿದ ದರವನ್ನು ಮುಂದಿನ ವರ್ಷ ಏರಿಸುವುದು ಬಹಳ ಕಷ್ಟ. ಮಾರಾಟದಲ್ಲಿ ಪಾಲು ಕೊಡುತ್ತೇವೆ ಎಂಬ ಮಾತನ್ನೂ ಒಪ್ಪಬೇಡಿ. ಲೆಕ್ಕಪುಸ್ತಕ ನೋಡುವ ಹಕ್ಕಿಲ್ಲದ ಪಾಲಿನಿಂದ ಮನಸ್ತಾಪ ಬರುತ್ತದೆಯೇ ಹೊರತು ಹಣ ಬರದು.

ಶೇ. 50 ಮುಂಗಡ, ವಿನ್ಯಾಸ ಒಪ್ಪಿದಾಗ 30, ಪ್ರೆಸ್ಸಿನ ಕಡತ ಕೊಡುವ ಮೊದಲು 20. ತಿದ್ದುಪಡಿ ಎರಡು ಸುತ್ತು. ಸಂಘ, ರೈತ ಕಂಪನಿಗಳಲ್ಲಿ ಹಣ ತಡವಾಗುವುದಕ್ಕೆ ಸಾಮಾನ್ಯ ಕಾರಣ ದುರುದ್ದೇಶವಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಪಾಸಾಗದೆ ಚೆಕ್ ಬರೆಯುವಂತಿಲ್ಲ. ಮುಂದಿನ ಸಭೆ ಯಾವಾಗ ಎಂದು ಮೊದಲೇ ಕೇಳಿ, ನಿಮ್ಮ ದರಪಟ್ಟಿ ಆ ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನಾಳೆ ಮುಖ್ಯ ಕಾರ್ಯನಿರ್ವಾಹಕರು ಬದಲಾದರೂ ನಡಾವಳಿ ಉಳಿದಿರುತ್ತದೆ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದು ಉಚಿತ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಬರವಣಿಗೆಯ ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಖರೀದಿದಾರರು ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸ್ವಸಹಾಯ ಗುಂಪಿನ ಮೇಲೆ ಇದನ್ನು ಬೀಸಬೇಕೆಂದು ಹೇಳುತ್ತಿಲ್ಲ. ಆರು ತಿಂಗಳು ಬಾಕಿ ಇಟ್ಟುಕೊಂಡ ನಗರದ ದೊಡ್ಡ ಗಿರಾಕಿಗೆ ಬರೆಯುವ ಪತ್ರದಲ್ಲಿ ಈ ಸಾಲು ಇದ್ದರೆ ಕೆಲಸ ಮಾಡುತ್ತದೆ.

ನಾನು ಬರೆದ ಲೋಗೊ ಯಾರದು? ನನ್ನದೋ, ಬ್ರ್ಯಾಂಡಿನವರದೋ?
— ಓದುಗರು, ಮಂಗಳೂರು

ನೀವು ಅವರ ನೌಕರರಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೋಗೊದ ಮೊದಲ ಹಕ್ಕು ನಿಮ್ಮದು. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮಾತು ಬೇರೆ, ಬೇರೆ ಕರಾರಿಲ್ಲದಿದ್ದರೆ ಅದು ತೆಗೆಸಿದವರದು. ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ ಎಂದರ್ಥ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ಸಣ್ಣ ಬ್ರ್ಯಾಂಡಿನ ಜೊತೆ ನ್ಯಾಯವಾಗಿ ನಡೆಯುವವರು ಪೂರ್ತಿ ಹಣ ಬಂದ ದಿನ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಎಂದು ಬರೆದು ಸಹಿ ಮಾಡಿಕೊಡಬೇಕು. ಜೊತೆಗೆ, ಹೆಸರು ಗಟ್ಟಿಯಾಗುವ ಮೊದಲೇ ಟ್ರೇಡ್‌ಮಾರ್ಕ್ ತಾಣದಲ್ಲಿ ಹುಡುಕಿ. ಹಿಟ್ಟು 30ನೇ ವರ್ಗ, ಬೀಸದ ಕಾಳು 31, ಸಿದ್ಧ ಉಡುಪು 25. ವ್ಯಕ್ತಿಗಳಿಗೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ವರ್ಗಕ್ಕೆ 4,500 ರೂಪಾಯಿ.

ಚನ್ನಪಟ್ಟಣದ ಕುಶಲಕರ್ಮಿಯೊಬ್ಬರ ಆಟಿಕೆಗೆ ಡಬ್ಬಿ ಮಾಡುತ್ತಿದ್ದೇನೆ. ಐಎಸ್‌ಐ ಗುರುತು ಬೇಕೆಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
— ಓದುಗರು, ರಾಮನಗರ

2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಆದರೆ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿದ್ದಕ್ಕೂ, ಭೌಗೋಳಿಕ ಗುರುತಿನ (ಜಿಐ) ಅಧಿಕೃತ ಬಳಕೆದಾರರು ತಯಾರಿಸಿದ್ದಕ್ಕೂ ವಿನಾಯಿತಿ ಇದೆ. ಅವರ ನೋಂದಣಿ ಪತ್ರವನ್ನು ಮೊದಲು ನೋಡಿ, ಅದರ ಪ್ರತಿಯನ್ನು ಅಂಗಡಿಗೆ ಕೊಡಿ. ಡಬ್ಬಿಯ ಮೇಲೆ ಹಾಲೆ ಮರ, ಅರಗಿನ ಬಣ್ಣ ಎಂದು ಧೈರ್ಯವಾಗಿ ಬರೆಯಬಹುದು, ಅದು ನಿಜವಾಗಿದ್ದರೆ. 'ರಾಸಾಯನಿಕ ಮುಕ್ತ' ಎನ್ನುವ ಮೊದಲು ಅರಗಿಗೆ ಬೆರೆಸಿದ ಬಣ್ಣದ ಪುಡಿ ಯಾವುದೆಂದು ಕೇಳಿ. ಅರಿಶಿನವೋ, ಪೇಟೆಯ ಬಣ್ಣವೋ?

ನಾನು ಬರಹಗಾರ್ತಿ. ಇಳಕಲ್ ಸೀರೆ ಮಾರುವ ಹೊಸ ಬ್ರ್ಯಾಂಡಿಗೆ ಬರೆಯುತ್ತಿದ್ದೇನೆ. 'ನೇಕಾರರ ಕಣ್ಣೀರು' ಥರದ ಬರಹ ಬೇಕಂತೆ. ಜೊತೆಗೆ ವಿದ್ಯುತ್ ಮಗ್ಗದ ಸೀರೆಗೂ ಕೈಮಗ್ಗ ಅಂತ ಬರೆಯಿರಿ ಅಂತಾರೆ.
— ಓದುಗರು, ಬಾಗಲಕೋಟೆ

ಎರಡನೆಯದಕ್ಕೆ ಉತ್ತರ ಒಂದೇ, ಬರೆಯಬೇಡಿ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಕಾದಿರಿಸಿದೆ. ಕೈಮಗ್ಗದ ಗುರುತಿನ ಚೀಟಿ, ನೇಕಾರರ ಗುರುತುಪತ್ರ ತೋರಿಸಿ ಎನ್ನಿ. ಇಲ್ಲವೆಂದರೆ 'ಇಳಕಲ್ ಮಾದರಿಯ ವಿದ್ಯುತ್ ಮಗ್ಗದ ಸೀರೆ' ಎಂದು ಬರೆದುಕೊಡುತ್ತೇನೆ, ಬೆಲೆಯೂ ಅದಕ್ಕೆ ತಕ್ಕಂತಿರಲಿ ಎಂದು ಹೇಳಿ. ಒಪ್ಪದಿದ್ದರೆ ಆ ಗಿರಾಕಿ ಬೇಡ. ನಿಮ್ಮ ಒಂದು ಸುಳ್ಳು ವಾಕ್ಯದಿಂದ ಪೆಟ್ಟು ತಿನ್ನುವವರು ಅದೇ ಊರಿನ ಕುಣಿಮಗ್ಗದಲ್ಲಿ ಕೂತ ನೇಕಾರರು.

ಕಣ್ಣೀರಿನ ಬರಹವೂ ಬೇಡ. ಕನಿಕರಕ್ಕೆ ಕೊಂಡವರು ಒಂದೇ ಸಲ ಕೊಳ್ಳುತ್ತಾರೆ. ಕೆಲಸದ ಬಿಗಿ ಬರೆಯಿರಿ. ಇಳಕಲ್ಲಿನಲ್ಲಿ ಒಡಲಿನ ಹಾಸು (ಮಗ್ಗದ ಉದ್ದನೆಯ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಪ್ರತಿ ಸೀರೆಗೂ ಮತ್ತೆ ಹೊಸದಾಗಿ. ಸೆರಗಿನ ಕೆಂಪಿನಲ್ಲಿ ಗೋಪುರದ ಸಾಲಿನಂತೆ ಬಿಳಿ ತೆನೆ ಏಳುತ್ತದೆ, ಅದಕ್ಕೆ ತೋಪುತೆನೆ ಎನ್ನುತ್ತಾರೆ. ಓದಿದವರು ಸೆರಗು ತಿರುಗಿಸಿ ಕೊಂಡಿಯ ಗೆರೆ ಹುಡುಕುವಂತಾದರೆ ಬರಹ ತನ್ನ ಕೆಲಸ ಮಾಡಿದಂತೆ.

ಬರೆಯುವ ಮೊದಲು ಮಗ್ಗದ ಮುಂದೆ ಕೂತು ಕೇಳಿ. ಒಂದು ಸೀರೆಗೆ ಎಷ್ಟು ದಿನ, ಕೊಂಡಿ ಹಾಕುವವರು ಯಾರು, ಹುರಿ ಸುತ್ತುವವರು ಯಾರು. ಹೆಂಗಸರ ಈ ದುಡಿಮೆ ಬರಹಗಳಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಬರೆದದ್ದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ, ಒಪ್ಪಿದ್ದನ್ನು ಮಾತ್ರ ಅಚ್ಚು ಮಾಡಿಸಿ. ಫೋಟೊ ಹಾಕುವುದಾದರೆ ಎಲ್ಲಿ, ಎಷ್ಟು ಕಾಲ ಎಂಬ ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಫೋಟೊಕ್ಕೆ ನಿಂತ ಅರ್ಧ ದಿನದ ಕೂಲಿಯನ್ನು ಬ್ರ್ಯಾಂಡಿನವರ ಖರ್ಚಿಗೆ ಸೇರಿಸಿ. ಯಂತ್ರ (ಎಐ) ಹುಟ್ಟಿಸಿದ ಚಿತ್ರ ಬೇಡ. ಅದರಲ್ಲಿ ಲಾಳಿ ಇರುವ ಕಡೆ ಕೈಯೇ ಇರದಿದ್ದರೆ ಇಳಕಲ್ಲಿನ ಯಾವ ಮಗುವಾದರೂ ಗುರುತು ಹಿಡಿಯುತ್ತದೆ.